ಮೂತ್ರದಲ್ಲಿ ರಕ್ತ ಕಂಡರೆ ಮೆಡಿಕಲ್ ಸ್ಟೋರ್‌ಗೆ ಬರಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಆರೋಗ್ಯ ಪುಟದಲ್ಲಿ 'ಕಿಡ್ನಿ ಕ್ಲೀನ್ ಮಾಡುವ ಪಾನೀಯಗಳು' ಅಂತ ಅರ್ಧ ಪುಟ ಬಂದಿತ್ತು. ಬಾಳೆದಿಂಡಿನ ರಸ, ಬಾರ್ಲಿ ನೀರು, ಹುರುಳಿ ಕಟ್ಟು, ಕೊತ್ತಂಬರಿ ಸೊಪ್ಪಿನ ಕಷಾಯ. ಕುಡಿಯಲಿ ಬಿಡಿ, ಹುರುಳಿ ಕಟ್ಟಿನ ಸಾರು ನನಗೂ ಇಷ್ಟ. ಆದರೆ ಅದರ ಕೊನೆಯಲ್ಲಿ 'ಮೂತ್ರ ಕೆಂಪಗೆ ಹೋಗುವುದು, ಉರಿ, ಉಷ್ಣ ಎಲ್ಲಕ್ಕೂ ಇದು ಮದ್ದು' ಅಂತ ಒಂದು ಸಾಲು ಇತ್ತಲ್ಲ, ಅದಕ್ಕೇ ಈ ಪತ್ರ.

ನಾನು ಲಗ್ಗೆರೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು. ಡಾಕ್ಟರ್ ಅಲ್ಲ. ಫಾರ್ಮಸಿ ಓದಿ, ಕೌಂಟರ್ ಹಿಂದೆ ನಿಂತು ತಲೆ ನರೆತಿದೆ. ನಮ್ಮ ಕಡೆ ಬರುವವರಲ್ಲಿ ಅರ್ಧ ಜನ ಪೀಣ್ಯದ ಶೆಡ್‌ಗಳಲ್ಲಿ ಲೇತ್, ಡ್ರಿಲ್ಲಿಂಗ್, ಪಾಲಿಶಿಂಗ್ ಕೆಲಸ ಮಾಡುವವರು. ಶಿಫ್ಟ್ ಮುಗಿಸಿ ಸಂಜೆ ಏಳರ ಮೇಲೆ ಬರುತ್ತಾರೆ, ಡಾಕ್ಟರ್ ಚೀಟಿ ಇರುವುದಿಲ್ಲ, ಬಾಯಲ್ಲೇ ಹೇಳುತ್ತಾರೆ.

ಮೊನ್ನೆ ಒಬ್ಬ ಬಂದ. ನಲವತ್ತು ದಾಟಿರಬಹುದು. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರು ಹೋಗುವ ತನಕ ಶಾಂಪೂ ಸ್ಯಾಶೆ ನೋಡುತ್ತಾ ನಿಂತ. ಆಮೇಲೆ ಹತ್ತಿರ ಬಂದು, "ಅಣ್ಣಾ, ಒಂದಕ್ಕೆ ಸ್ವಲ್ಪ ಕೆಂಪಗೆ ಹೋಗ್ತಿದೆ, ಉಷ್ಣ ಅನ್ಸುತ್ತೆ, ಆ ಸಿರಪ್ ಕೊಡಿ" ಅಂದ. ನೋವು ಇದೆಯಾ ಅಂದೆ, ಇಲ್ಲ. ಉರಿ? ಇಲ್ಲ. ಜ್ವರ? ಇಲ್ಲ. ಮೊದಲೂ ಹೀಗೆ ಆಗಿತ್ತಾ ಅಂದರೆ, "ಯುಗಾದಿ ಹೊತ್ತಿಗೆ ಒಂದ್ಸಲ ಆಗಿತ್ತು ಅಣ್ಣಾ, ಸಿರಪ್ ಕುಡಿದೆ, ಮಾರನೇ ದಿನಕ್ಕೇ ಸರಿ ಹೋಯ್ತು."

ಅವನು ಕೇಳಿದ್ದು ಸಿಟ್ರೇಟ್ ಸಿರಪ್. ಮೂತ್ರದ ಹುಳಿ ಅಂಶ ಕಡಿಮೆ ಮಾಡಿ ಉರಿ ಇಳಿಸುತ್ತೆ, ಅಷ್ಟೇ. ರಕ್ತ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಮತ್ತೆ ರಕ್ತ ನಿಂತದ್ದು ಹೇಗೆ ಅಂದರೆ, ತಾನಾಗಿ ನಿಂತಿತು. ಮೋಸ ಇರುವುದೇ ಇಲ್ಲಿ. ಕಿಡ್ನಿಯಲ್ಲೋ ಮೂತ್ರಚೀಲದಲ್ಲೋ ಗಡ್ಡೆ ಇದ್ದಾಗ ರಕ್ತ ದಿನಾ ಬರುವುದಿಲ್ಲ. ಒಂದು ದಿನ ಬರುತ್ತೆ, ಆಮೇಲೆ ವಾರ, ತಿಂಗಳು, ಕೆಲವೊಮ್ಮೆ ಅರ್ಧ ವರ್ಷ ಸುದ್ದಿಯೇ ಇರುವುದಿಲ್ಲ. ಆ ನಡುವೆ ಏನು ಕುಡಿದಿದ್ದೀವೋ ಅದಕ್ಕೆ ಹೆಸರು ಬರುತ್ತೆ. ಸಿರಪ್ ಕುಡಿದವರಿಗೆ ಸಿರಪ್ಪು, ಎಳನೀರು ಕುಡಿದವರಿಗೆ ಎಳನೀರು, ನಿಮ್ಮ ಪುಟ ಓದಿದವರಿಗೆ ಬಾಳೆದಿಂಡು.

ಕೆಂಪು ಕಂಡಿದ್ದೆಲ್ಲ ಕ್ಯಾನ್ಸರ್ ಅಂತ ಹೇಳುತ್ತಿಲ್ಲ. ದಯವಿಟ್ಟು ಯಾರೂ ಗಾಬರಿಯಾಗಬೇಡಿ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ಜಾಸ್ತಿ ತಿಂದಿದ್ದರೂ ಬಣ್ಣ ಬರುತ್ತೆ. ಕ್ಷಯದ ಮಾತ್ರೆ ರಿಫಾಂಪಿಸಿನ್ ತಗೊಳ್ಳುವವರಿಗೆ ಕಿತ್ತಳೆ ಕೆಂಪು ಬಣ್ಣದಲ್ಲಿ ಹೋಗುತ್ತೆ. ಕಲ್ಲು, ಸೋಂಕು, ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್, ಹೀಗೆ ಕಾರಣ ಹತ್ತಾರು, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಅಂತ ಗೊತ್ತಾಗುವುದು ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದಾಗ, ಬೇಕಾದರೆ ಸಿಟಿ ಸ್ಕ್ಯಾನ್, ಮೂತ್ರಚೀಲದ ಒಳಗೆ ಕ್ಯಾಮೆರಾ ಹಾಕಿ ನೋಡಿದಾಗ. ನನ್ನ ಕೌಂಟರ್‌ನಲ್ಲಿ ಗೊತ್ತಾಗುವುದಿಲ್ಲ. ನೋವಿಲ್ಲದೆ ರಕ್ತ ಬಂದರೆ ಇನ್ನೂ ಬೇಗ ತೋರಿಸಬೇಕು, ಯಾಕಂದರೆ ಕಲ್ಲಿಗೆ ಸಾಮಾನ್ಯವಾಗಿ ನೋವಿರುತ್ತೆ, ಸೋಂಕಿಗೆ ಉರಿ ಇರುತ್ತೆ, ಗಡ್ಡೆ ಮಾತ್ರ ಶುರುವಿನಲ್ಲಿ ಎಂಥದ್ದೂ ಹೇಳದೆ ಕೂತಿರುತ್ತೆ.

ಹೆಂಗಸರ ವಿಷಯದಲ್ಲಂತೂ ಇನ್ನೂ ತಡ. ಮುಟ್ಟಿನದಿರಬೇಕು ಅಂತ ಒಂದಷ್ಟು ದಿನ ಹೋಗುತ್ತೆ, ಆಮೇಲೆ 'ಯೂರಿನ್ ಇನ್‌ಫೆಕ್ಷನ್' ಅಂತ ಯಾರೋ ಹಿಂದೆ ಬರೆದುಕೊಟ್ಟ ಆಂಟಿಬಯಾಟಿಕ್‌ನ ಖಾಲಿ ಸ್ಟ್ರಿಪ್ ಹಿಡಿದು ಮತ್ತೆ ಮತ್ತೆ ಅಂಗಡಿಗೆ ಬರುತ್ತಾರೆ, ಅದೂ ಮಗನ ಕೈಯಲ್ಲಿ ಕಳಿಸುತ್ತಾರೆ. ಇನ್ನು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು 'ರಕ್ತ ತೆಳು ಆಗೋ ಮಾತ್ರೆ ತಿಂತೀನಲ್ಲ, ಅದಕ್ಕೇ ಬಂತು' ಅಂದುಕೊಳ್ಳುತ್ತಾರೆ. ಆ ಮಾತ್ರೆ ತಿನ್ನುವವರಿಗೂ ಪರೀಕ್ಷೆ ಬೇಕೇ ಬೇಕು. ಎಷ್ಟೋ ಸಲ ಒಳಗಿದ್ದ ಗಡ್ಡೆಯನ್ನು ಆ ಮಾತ್ರೆಯೇ ಬೇಗ ತೋರಿಸಿಕೊಟ್ಟಿರುತ್ತೆ.

ಈ ವಿಷಯದಲ್ಲಿ ನನಗೆ ಇಷ್ಟು ಆಸಕ್ತಿ ಬರೋಕೆ ಕಾರಣ ನಮ್ಮ ಭಾವ. ಅಕ್ಕನ ಯಜಮಾನರು, ರಿಟೈರ್ಡ್ ಮೇಷ್ಟ್ರು. ಅವರಿಗೆ ರಕ್ತವೂ ಬಂದಿರಲಿಲ್ಲ, ನೋವೂ ಇರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು ಇದೆಯಾ ಅಂತ ನೋಡೋಕೆ ಅಲ್ಟ್ರಾಸೌಂಡ್ ಮಾಡಿಸಿದರು. 'ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ' ಅನ್ನೋ ಬೋರ್ಡಿನ ಕೆಳಗೆ ಕೂತು ರಿಪೋರ್ಟ್ ಬಿಚ್ಚಿ ನೋಡಿದರೆ ಕಲ್ಲಿಲ್ಲ, ಬಲಗಡೆ ಕಿಡ್ನಿಯಲ್ಲಿ ಮೂರೂವರೆ ಸೆಂಟಿಮೀಟರ್ ಗಡ್ಡೆ. ಈಗ ಅರ್ಧಕ್ಕಿಂತ ಜಾಸ್ತಿ ಕಿಡ್ನಿ ಕ್ಯಾನ್ಸರ್ ಸಿಗುವುದು ಹೀಗೇ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ. ಪಕ್ಕೆ ನೋವು, ರಕ್ತ, ಕೈಗೆ ಸಿಗುವ ಗಡ್ಡೆ ಈ ಮೂರೂ ಒಟ್ಟಿಗೆ ಇರಬೇಕು ಅಂತ ಹಳೇ ಪುಸ್ತಕಗಳು ಹೇಳುತ್ತಿದ್ದವು. ಮೂರೂ ಒಟ್ಟಿಗೆ ಕಾಣುವುದು ನೂರಕ್ಕೆ ಹತ್ತು ಜನರಲ್ಲೂ ಇಲ್ಲ, ಕಂಡ ಹೊತ್ತಿಗೆ ರೋಗ ಮುಂದೆ ಹೋಗಿರುತ್ತೆ.

ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಮಾತಾಡಿದ್ದು ಐದು ನಿಮಿಷ, ಪ್ಯಾಕೇಜ್ ಬಗ್ಗೆ ಮಾತಾಡುವ ಹುಡುಗಿ ಮುಕ್ಕಾಲು ಗಂಟೆ. ಕಿಡ್ನಿ ಪೂರ್ತಿ ತೆಗೆಯಬೇಕು, ರೋಬೋಟ್‌ನಲ್ಲಿ ಮಾಡುತ್ತೇವೆ, ಅಡ್ವಾನ್ಸ್ ಇವತ್ತೇ ಕಟ್ಟಿದರೆ ರೂಮ್ ಅಪ್‌ಗ್ರೇಡ್. ಕ್ಯಾನ್ಸರ್‌ಗೂ ಹಬ್ಬದ ಆಫರ್ ಇರುತ್ತೆ ಅಂತ ಅವತ್ತು ಗೊತ್ತಾಯಿತು. ಅಕ್ಕ ಕೇಳಿದ್ದು ಒಂದೇ, "ಪೂರ್ತಿ ಯಾಕಮ್ಮಾ ತೆಗೀಬೇಕು, ಗಡ್ಡೆ ಮಾತ್ರ ತೆಗೆಯೋಕಾಗಲ್ವಾ?" ಆ ಹುಡುಗಿ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದೆ. 1960ರ ದಶಕದಿಂದ ಬಹಳ ಕಾಲ, ಗಡ್ಡೆ ಎಷ್ಟೇ ಇರಲಿ, ಕಿಡ್ನಿ, ಸುತ್ತಲಿನ ಕೊಬ್ಬು ಎಲ್ಲಾ ಸೇರಿಸಿ ತೆಗೆಯುವುದೇ ಪದ್ಧತಿಯಾಗಿತ್ತು. ಈಗ ಹಾಗಿಲ್ಲ. 4 ಸೆಂಟಿಮೀಟರ್ ಒಳಗಿನ ಗಡ್ಡೆಗೆ, ಸಾಧ್ಯವಿದ್ದರೆ 7 ಸೆಂಟಿಮೀಟರ್ ತನಕವೂ, ಗಡ್ಡೆ ಮಾತ್ರ ಕೊರೆದು ತೆಗೆದು ಉಳಿದ ಕಿಡ್ನಿಯನ್ನು ಉಳಿಸಿಕೊಳ್ಳುತ್ತಾರೆ. ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಕ್ಲಿಪ್ ಹಾಕಿ, ಆದಷ್ಟು ಅರ್ಧ ಗಂಟೆಯೊಳಗೆ ಕೊರೆದು, ಹೊಲಿದು, ಕ್ಲಿಪ್ ಬಿಡಬೇಕು, ಜಾಸ್ತಿ ಹೊತ್ತಾದರೆ ಉಳಿಸಿಕೊಂಡ ಭಾಗಕ್ಕೇ ಪೆಟ್ಟು. ಕೈಚಳಕದ ಕೆಲಸ. ಅದನ್ನು ಹೊಟ್ಟೆ ತೆರೆದೂ ಮಾಡುತ್ತಾರೆ, ತೂತು ಹಾಕಿ ಲ್ಯಾಪರೋಸ್ಕೋಪಿಯಲ್ಲೂ ಮಾಡುತ್ತಾರೆ, ರೋಬೋಟ್‌ನಲ್ಲೂ ಮಾಡುತ್ತಾರೆ. ರೋಬೋಟ್ ಆದರೆ ಗಾಯ ಚಿಕ್ಕದು, ಬೇಗ ಮನೆಗೆ ಬರಬಹುದು. ಅದಿಲ್ಲದಿದ್ದರೆ ಕ್ಯಾನ್ಸರ್ ವಾಸಿ ಆಗಲ್ಲ ಅನ್ನುವುದು ಸುಳ್ಳು. ಅದಕ್ಕಾಗಿ ಸೈಟ್ ಮಾರಬೇಡಿ.

ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಅಲ್ಲಿನ ಯುರಾಲಜಿಸ್ಟ್, ಅಂದರೆ ಮೂತ್ರರೋಗಗಳ ಡಾಕ್ಟರ್, ಸಿಟಿ ಫಿಲಂ ಬೆಳಕಿಗೆ ಹಿಡಿದು, ಗಡ್ಡೆ ಅಂಚಿನಲ್ಲಿದೆ, ಅಷ್ಟೇ ತೆಗೆಯೋಣ ಅಂದರು. ಭಾವ ಈಗ ಸಾಯಂಕಾಲ ವಾಕಿಂಗ್ ಹೋಗುತ್ತಾರೆ, ಆಗಾಗ ಸ್ಕ್ಯಾನ್ ಮಾಡಿಸುತ್ತಾರೆ, ಬಿಪಿ ಮಾತ್ರೆ ಮರೆಯುವ ಚಟ ಮಾತ್ರ ಬಿಟ್ಟಿಲ್ಲ. ಓದುಗರಲ್ಲಿ ಯಾರಿಗಾದರೂ ಹೀಗೆ ಗಡ್ಡೆ ಸಿಕ್ಕರೆ ಅಕ್ಕನ ಆ ಪ್ರಶ್ನೆಯನ್ನೇ ಕೇಳಿ. ಡಾಕ್ಟರ್ ಪೂರ್ತಿ ತೆಗೆಯಲೇಬೇಕು ಅಂದರೆ ಯಾಕೆ ಅಂತ ಕೇಳಿ, ನಿಜವಾದ ಕಾರಣ ಇರುತ್ತೆ, ಗಡ್ಡೆ ನಟ್ಟನಡುವೆ ಇರಬಹುದು, ದೊಡ್ಡದಿರಬಹುದು, ರಕ್ತನಾಳಕ್ಕೆ ಇಳಿದಿರಬಹುದು. ಹಾಗೆ ಪೂರ್ತಿ ತೆಗೆದರೂ ಡಯಾಲಿಸಿಸ್ ಗತಿ ಅಂತ ಹೆದರಬೇಕಿಲ್ಲ. ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಅದು ಸಾಕು, ಕಿಡ್ನಿ ದಾನ ಮಾಡಿದವರು ಒಂದರಲ್ಲೇ ಬದುಕುತ್ತಿದ್ದಾರಲ್ವಾ?

ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ರೇ ಅಲ್ಲ. ವಯಸ್ಸು ತುಂಬಾ ಆಗಿ, ಹೃದಯವೂ ಸರಿ ಇಲ್ಲದವರಿಗೆ ಆಪರೇಷನ್ ಬೇಡ, ಸ್ಕ್ಯಾನ್ ಮಾಡಿಸುತ್ತಾ ಕಾಯೋಣ ಅಂತಲೂ ಹೇಳುತ್ತಾರೆ, ಅದು ಕೈಬಿಟ್ಟ ಹಾಗಲ್ಲ. ಸೂಜಿ ಹಾಕಿ ಗಡ್ಡೆಯನ್ನು ಸುಡುವ, ಹಿಮಗಟ್ಟಿಸುವ ವಿಧಾನಗಳೂ ಇವೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತು ನಮ್ಮ ಮನೆಯಲ್ಲೂ ಬಂತು. ಕಿಡ್ನಿ ಗಡ್ಡೆಗೆ ಎಷ್ಟೋ ಸಲ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ, ಬೇಕಾಗುವುದೇ ಇಲ್ಲ, ಸಿಟಿಯಲ್ಲೇ ಗೊತ್ತಾಗುತ್ತೆ. ಬೇಕಾದಾಗ ಮಾಡಿಸಿದರೆ ಹರಡುವುದು ತೀರಾ ಅಪರೂಪ.

ಕಿಡ್ನಿಯೊಳಗೇ ಇರುವಾಗ ಸಿಕ್ಕಿದರೆ, ಅಮೆರಿಕದ ಲೆಕ್ಕದಲ್ಲಿ, ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ 5 ವರ್ಷ ದಾಟುತ್ತಾರೆ. ಶ್ವಾಸಕೋಶಕ್ಕೋ ಮೂಳೆಗೋ ಹೋದ ಮೇಲೆ ಸಿಕ್ಕರೆ ಹತ್ತರಲ್ಲಿ ಇಬ್ಬರೂ ಇಲ್ಲ. ಯುಗಾದಿಗೂ ಈಗಿಗೂ ನಡುವೆ ಆ ಗಿರಾಕಿ ಸಿರಪ್ ಕುಡಿದು ಕಳೆದ ತಿಂಗಳುಗಳ ಬಗ್ಗೆ ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆ ಅಂದರೆ ಇದಕ್ಕೇ.

ಇನ್ನು ಔಷಧಿ, ಅಂದರೆ ನನ್ನ ಕಸುಬಿನ ವಿಷಯ. ಕ್ಯಾನ್ಸರ್ ಅಂದ ಕೂಡಲೇ "ಕೀಮೋ ಎಷ್ಟು ಕೊಡಬೇಕು?" ಅಂತ ಕೇಳುತ್ತಾರೆ. ಮಾಮೂಲಿ ಕಿಡ್ನಿ ಕ್ಯಾನ್ಸರ್‌ಗೆ ಕೂದಲು ಉದುರಿಸುವ ಆ ಹಳೇ ಕೀಮೋ ಕೆಲಸವನ್ನೇ ಮಾಡುವುದಿಲ್ಲ. 2005ರ ತನಕ, ರೋಗ ಹರಡಿದವರಿಗೆ ಕೊಡೋಕೆ ಹೆಚ್ಚೇನೂ ಇರಲಿಲ್ಲ. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಸೊರಾಫೆನಿಬ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಮರುತಿಂಗಳೇ ಸುನಿಟಿನಿಬ್‌ಗೆ. ಕಿಡ್ನಿ ಕ್ಯಾನ್ಸರ್‌ನಲ್ಲಿ ಬಹುಪಾಲು ಇರುವ ಜಾತಿಯಲ್ಲಿ ವಿಎಚ್‌ಎಲ್ ಅನ್ನೋ ಜೀನ್ ಕೆಟ್ಟಿರುತ್ತೆ. ಅದು ಕೆಟ್ಟರೆ ಆಮ್ಲಜನಕ ಬೇಕಾದಷ್ಟು ಇದ್ದರೂ ಇಲ್ಲ ಅಂತ ಜೀವಕೋಶ ಕೂಗಲು ಶುರು ಮಾಡಿ, ತನ್ನ ಕಡೆಗೆ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತೆ, ರಾತ್ರೋರಾತ್ರಿ ಕಾವೇರಿ ಮೇನ್ ಲೈನ್‌ಗೆ ಕಳ್ಳ ಕನೆಕ್ಷನ್ ಎಳೆದುಕೊಂಡ ಹಾಗೆ. ಈ ಮಾತ್ರೆಗಳು ಆ ಲೈನನ್ನೇ ಕಟ್ ಮಾಡುತ್ತವೆ. ಜೀವಕೋಶ ಆಮ್ಲಜನಕವನ್ನು ಅಳೆಯುವ ರೀತಿ ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು, ಈ ವಿಎಚ್‌ಎಲ್ ಕಥೆ ಅದರಲ್ಲೇ ಸೇರಿದೆ.

ಬೆಲೆ ಮಾತ್ರ ಕೇಳಬೇಡಿ ಅನ್ನುವ ಹಾಗಿತ್ತು. ಸೊರಾಫೆನಿಬ್‌ನ ಕಂಪನಿ ಮಾತ್ರೆ ಒಂದು ತಿಂಗಳಿಗೆ 2,80,428 ರೂಪಾಯಿ. 2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಒಂದು ಕೆಲಸ ಮಾಡಿತು. ಬೇಯರ್ ಕಂಪನಿಯ ಪೇಟೆಂಟ್ ಇದ್ದರೂ, ಈ ಬೆಲೆಗೆ ಜನರಿಗೆ ಔಷಧಿ ಸಿಗುತ್ತಿಲ್ಲ ಅಂತ ಹೇಳಿ, ಹೈದರಾಬಾದಿನ ನ್ಯಾಟ್ಕೋಗೆ ಅದೇ ಮಾತ್ರೆ ತಯಾರಿಸೋಕೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು. ಬೆಲೆ ತಿಂಗಳಿಗೆ 8,880 ರೂಪಾಯಿ ದಾಟುವಂತಿಲ್ಲ ಅಂತ ಷರತ್ತು. ದೇಶದಲ್ಲಿ ಅಂಥ ಲೈಸೆನ್ಸ್ ಕೊಟ್ಟದ್ದು ಅದೇ ಮೊದಲು. ಬೇಯರ್ ಸುಪ್ರೀಂ ಕೋರ್ಟ್ ತನಕ ಹೋಗಿ ಸೋತಿತು. ಇವತ್ತು ಕಿಡ್ನಿಗೆ ಸೊರಾಫೆನಿಬ್ ಮೊದಲ ಆಯ್ಕೆಯಲ್ಲ, ಅದಕ್ಕಿಂತ ಒಳ್ಳೆಯವು ಬಂದಿವೆ. ಆದರೆ 'ಕ್ಯಾನ್ಸರ್ ಮಾತ್ರೆ ಅಂದ್ರೆ ಹೀಗೇ ಇರುತ್ತೆ ರೇಟು' ಅಂತ ಯಾರಾದರೂ ಹೇಳಿದರೆ ಈ ಎರಡು ಅಂಕಿ ನೆನಪಿಸಿ. ಜೆನೆರಿಕ್, ಅಂದರೆ ಬೇರೆ ಕಂಪನಿ ಮಾಡುವ ಅದೇ ಔಷಧಿ, ಇದೆಯಾ ಅಂತ ಡಾಕ್ಟರ್ ಹತ್ತಿರ ನಾಚಿಕೆ ಇಲ್ಲದೆ ಕೇಳಿ. ಸುನಿಟಿನಿಬ್, ಅದೇ ಜಾತಿಯ ಪಜೋಪನಿಬ್ ಎಲ್ಲದಕ್ಕೂ ಜೆನೆರಿಕ್ ಇವೆ.

ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೊಥೆರಪಿ ಇಂಜೆಕ್ಷನ್‌ಗಳು, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್, 2015ರಿಂದೀಚೆಗೆ ಆಟವನ್ನೇ ಬದಲಿಸಿವೆ. ಹರಡಿದ ರೋಗ ಇದ್ದವರೂ ಕೆಲವರು ವರ್ಷಗಟ್ಟಲೆ ಚೆನ್ನಾಗಿದ್ದಾರೆ. ಬೆಲೆ ಮಾತ್ರ ಇನ್ನೂ ಲಕ್ಷಗಳಲ್ಲೇ ಓಡುತ್ತಿದೆ. ನಮ್ಮ ಏರಿಯಾದ ಯಾವ ಮನೆಯವರು ಅದನ್ನು ಕೊಳ್ಳಬಲ್ಲರು ಹೇಳಿ.

ಇಂಜೆಕ್ಷನ್ ಅಲ್ಲ, ಮೊದಲು ಹೇಳಿದ ಆ ಮಾತ್ರೆಗಳನ್ನು ತಗೊಳ್ಳುವವರಿಗೆ ಒಂದು ಕೌಂಟರ್ ಮಾತು. ಪಜೋಪನಿಬ್ ಖಾಲಿ ಹೊಟ್ಟೆಯಲ್ಲಿ, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ. ಮತ್ತೆ ನಮ್ಮ ಬೆಂಗಳೂರಿಗರು ಕಾಫಿಗಿಂತ ಮೊದಲು ಒಂದು ಗ್ಯಾಸ್ ಮಾತ್ರೆ ನುಂಗುತ್ತಾರಲ್ಲ, ಪ್ಯಾಂಟೊಪ್ರಜೋಲ್ ಥರದ್ದು, ಅದು ಪಜೋಪನಿಬ್ ಮೈಗೆ ಪೂರ್ತಿ ಹತ್ತದ ಹಾಗೆ ಮಾಡುತ್ತೆ. ಸಾವಿರಾರು ರೂಪಾಯಿ ಮಾತ್ರೆ, ಒಂದು ಗ್ಯಾಸ್ ಮಾತ್ರೆಯಿಂದ ವೇಸ್ಟ್. ಅಂಗೈ ಅಂಗಾಲು ಸುಲಿದು ಉರಿಯುವುದು, ಬಿಪಿ ಏರುವುದು, ಭೇದಿ, ಥೈರಾಯ್ಡ್ ಏರುಪೇರು, ಇವೆಲ್ಲ ಈ ಜಾತಿಯ ಮಾತ್ರೆಗಳ ಸಾಮಾನ್ಯ ತೊಂದರೆಗಳು. ಸುಮ್ನೆ ನಿಲ್ಲಿಸಿಬಿಡಬೇಡಿ, ಡಾಕ್ಟರ್‌ಗೆ ಹೇಳಿದರೆ ಡೋಸ್ ಹೊಂದಿಸುತ್ತಾರೆ.

ಬರದ ಹಾಗೆ ತಡೆಯೋದು ಹೇಗೆ? ಪಾನೀಯ ಯಾವುದೂ ಇಲ್ಲ ಸ್ವಾಮಿ. ಬೀಡಿ ಸಿಗರೇಟು, ಬೊಜ್ಜು, ಬಿಪಿ, ಈ ಮೂರೇ ದೊಡ್ಡ ಕಾರಣಗಳು, ಮೂರೂ ನಮ್ಮ ಕೈಯಲ್ಲಿರುವಂಥವು. ಸಿಗರೇಟು ಅಂದರೆ ಶ್ವಾಸಕೋಶ ಅಷ್ಟೇ ನೆನಪಾಗುತ್ತೆ ಜನಕ್ಕೆ, ಆದರೆ ಆ ಹೊಗೆಯ ವಿಷ ರಕ್ತಕ್ಕೆ ಸೇರಿ ಸೋಸಿ ಹೋಗುವುದು ಕಿಡ್ನಿಯಲ್ಲೇ ಅಲ್ವಾ? ಬಿಟ್ಟರೆ ಅಪಾಯ ವರ್ಷ ವರ್ಷ ಇಳಿಯುತ್ತೆ. ಬಿಪಿ ನೋಡಿಸೋಕೆ ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ, ವಾರ್ಡ್‌ಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಇವೆ, ಪುಕ್ಕಟೆ ನೋಡುತ್ತಾರೆ. ಎಲ್ಲರೂ ವರ್ಷಕ್ಕೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತ ಯಾವ ವೈದ್ಯ ಸಂಸ್ಥೆಯೂ ಹೇಳಿಲ್ಲ, ಹೇಳುವುದು ನಿಮ್ಮ ಜಾಹೀರಾತು ಪುಟ ಮಾತ್ರ. ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಕಿಡ್ನಿ ಕ್ಯಾನ್ಸರ್ ಬಂದಿದ್ದವರು, ಅಂಥವರು ಡಾಕ್ಟರ್ ಹತ್ತಿರ ಕೇಳಿ ಮಾಡಿಸಬೇಕು.

ಪೀಣ್ಯದ ಹುಡುಗರಿಗೆ ಬೇರೆಯಾಗಿ ಹೇಳಬೇಕು. ಬಿಡಿಭಾಗಗಳ ಎಣ್ಣೆ ಜಿಡ್ಡು ತೆಗೆಯೋಕೆ ಬಳಸುವ ದ್ರಾವಕಗಳಲ್ಲಿ ಟ್ರೈಕ್ಲೋರೋಎಥಿಲೀನ್ ಅಂತ ಒಂದಿದೆ, ಸಿಹಿ ವಾಸನೆಯದು. ಅದು ಮನುಷ್ಯರಿಗೆ ಕಿಡ್ನಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ತೀರ್ಮಾನಿಸಿದೆ. ನಿಮ್ಮ ಶೆಡ್‌ನ ಡ್ರಮ್ ಮೇಲೆ ಏನು ಬರೆದಿದೆ ಅಂತ ಓದಿ. ಇದ್ದರೆ ಬರಿಗೈಯಲ್ಲಿ ಅದ್ದಬೇಡಿ, ಮುಚ್ಚಿದ ಶೆಡ್‌ನಲ್ಲಿ ಅದರ ಮೇಲೆ ಬಗ್ಗಿ ನಿಲ್ಲಬೇಡಿ, ಮಾಲೀಕರಿಗೆ ಬೇರೆ ದ್ರಾವಕ ತರಿಸೋಕೆ ಹೇಳಿ.

ಗಿಡಮೂಲಿಕೆಯಿಂದ ಏನೂ ಅಪಾಯ ಆಗಲ್ಲ ಅನ್ನುವವರಿಗೂ ಒಂದು ಮಾತು. ಈಶ್ವರಿ ಬೇರು ಗೊತ್ತಲ್ಲ, ಹಾವು ಕಚ್ಚಿದರೆ ಅಂತ ಹಳ್ಳಿಗಳಲ್ಲಿ ಇಟ್ಟುಕೊಳ್ಳುತ್ತಾರೆ. ಆ ಬಳ್ಳಿಯ ಕುಲದ ಗಿಡಗಳಲ್ಲಿರುವ ವಿಷ ಕಿಡ್ನಿಯನ್ನು ಹಾಳುಮಾಡಿ, ಮೂತ್ರನಾಳದ ಕ್ಯಾನ್ಸರ್ ತರುತ್ತೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋಕೆ ಗಿಡಮೂಲಿಕೆ ಮಾತ್ರೆ ನುಂಗಿದ ಹೆಂಗಸರ ಕಿಡ್ನಿ ಸಾಲುಸಾಲಾಗಿ ಫೇಲ್ ಆಯಿತು, ಮಾತ್ರೆಯಲ್ಲಿ ಇದೇ ಕುಲದ ಗಿಡ ಸೇರಿತ್ತು. ಹೆಸರಿಲ್ಲದ ಪುಡಿ, ಲೇಹ್ಯಗಳನ್ನು 'ಕಿಡ್ನಿ ಕ್ಲೀನ್' ಅಂತ ತಿನ್ನುವ ಮೊದಲು ಇದು ನೆನಪಿರಲಿ.

ಎಲ್ಲಿ ತೋರಿಸಬೇಕು ಅಂತ ಕೇಳಿದರೆ, ಶುರುವಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ ಮತ್ತು ಮೂತ್ರರೋಗಗಳಿಗೇ ಅಂತ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ನಿಮ್ಹಾನ್ಸ್ ಪಕ್ಕದಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತೆ. ಕ್ಯೂ ಇರುತ್ತೆ, ಬೆಳಗ್ಗೆ ಬೇಗ ಹೋಗಬೇಕು, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಇಟ್ಟುಕೊಳ್ಳಿ, ಹಳೇ ರಿಪೋರ್ಟ್ ಬಿಸಾಡಬೇಡಿ.

ಮೊನ್ನೆ ಬಂದವನಿಗೆ ಸಿರಪ್ ಕೊಡಲಿಲ್ಲ. ಬೈದುಕೊಂಡೇ ಹೋದ. ಪಕ್ಕದ ಅಂಗಡಿಯಲ್ಲಿ ತಗೊಂಡನೋ, ನಾನು ಚೀಟಿಯಲ್ಲಿ ಬರೆದುಕೊಟ್ಟ ಪರೀಕ್ಷೆ ಮಾಡಿಸಿದನೋ ಗೊತ್ತಿಲ್ಲ. ನಮ್ಮ ಮೆಡಿಕಲ್ ಸ್ಟೋರ್ ಬಂಧುಗಳಿಗೂ ಕೇಳಿಕೊಳ್ಳುತ್ತೇನೆ, ಕೆಂಪು ಅಂದರೆ ಸಿರಪ್ ಕೊಡಬೇಡಿ. ಒಂದು ಬಾಟಲಿಯ ಲಾಭ ಎಷ್ಟು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಸಂಪಾದಕರೇ, ಮುಂದಿನ ಭಾನುವಾರದ ಆರೋಗ್ಯ ಪುಟದಲ್ಲಿ ಆ ಸಾಲಿಗೆ ತಿದ್ದುಪಡಿ ಹಾಕಿ, ಮೂಲೆಯಲ್ಲಿ ಅಲ್ಲ, ಪಾನೀಯದ ಲೇಖನ ಬಂದಷ್ಟೇ ದಪ್ಪ ಅಕ್ಷರದಲ್ಲಿ. ಪತ್ರ ಉದ್ದ ಆಗಿದೆ, ಜಾಗ ಸಾಲದಿದ್ದರೆ ನೊಬೆಲ್, ಪೇಟೆಂಟ್, ನಮ್ಮ ಭಾವ, ಯಾವುದನ್ನು ಬೇಕಾದರೂ ಕತ್ತರಿಸಿ. ಸಿರಪ್ ಕುಡಿಯದಿದ್ದರೂ ರಕ್ತ ತಾನಾಗಿ ನಿಲ್ಲುತ್ತೆ, ನಿಂತರೂ ಪರೀಕ್ಷೆ ಮಾಡಿಸಲೇಬೇಕು ಅನ್ನೋ ಭಾಗವನ್ನು ಮಾತ್ರ ಬಿಡಬೇಡಿ.

ಇಂತಿ,
ಮೆಡಿಕಲ್ ಸ್ಟೋರ್‌ನವನು
ಲಗ್ಗೆರೆ, ಬೆಂಗಳೂರು